ಪಕ್ಕದ ಹೊಲಕ್ಕೆ ತಿಳಿಸಲಾಗಿದೆ: ಹೌದು

ಹೋದ ವಾರ ಒಂದು ಪ್ಯಾಕೆಟ್ ಬೀನ್ಸ್ ನನ್ನ ಮುಖಕ್ಕೇ ಸುಳ್ಳು ಹೇಳಿತು.

ನಮ್ಮ ಮನೆ ಹತ್ತಿರದ ಸೂಪರ್ ಮಾರ್ಕೆಟ್. ಪ್ಯಾಕೆಟ್ ಮೇಲೊಂದು ಕ್ಯೂಆರ್ ಕೋಡ್, ಅದರ ಕೆಳಗೆ ‘ನಿಮ್ಮ ರೈತರನ್ನು ಭೇಟಿ ಮಾಡಿ’ ಎಂಬ ಆಹ್ವಾನ. (ರೈತರನ್ನು ಭೇಟಿ ಮಾಡಲು ಎಸಿ ಅಂಗಡಿಗಿಂತ ಒಳ್ಳೆಯ ಜಾಗ ಯಾವುದಿದೆ?) ಸ್ಕ್ಯಾನ್ ಮಾಡಿದೆ. ಮುನಿರಾಜಣ್ಣನ ಫೋಟೊ ಬಂತು. ಹೆಗಲ ಮೇಲೆ ಟವೆಲ್, ಹಲ್ಲು ಕಾಣುವಂಥ ನಗು. ಊರು ಬೂದಿಗೆರೆ ಹತ್ತಿರ. ಬಿತ್ತಿದ್ದು, ನೀರು ಬಿಟ್ಟಿದ್ದು, ಔಷಧಿ ಹೊಡೆದಿದ್ದು, ಕೊಯ್ದಿದ್ದು, ಎಲ್ಲವೂ ಅಲ್ಲಿತ್ತು. ಪ್ರತಿ ಸಾಲಿನ ಮುಂದೆ ಹಸಿರು ಟಿಕ್.

ಒಂದು ಸಾಲು ಹೀಗಿತ್ತು: ‘ಸಿಂಪಡಣೆಗೆ ಮುನ್ನ ಪಕ್ಕದ ಹೊಲದವರಿಗೆ ತಿಳಿಸಲಾಗಿದೆ: ಹೌದು.’

ಆ ಪಕ್ಕದ ಹೊಲ ನನ್ನ ಚಿಕ್ಕಮ್ಮನದು. ಅವರಿಗೆ ಯಾರೂ ತಿಳಿಸಿರಲಿಲ್ಲ.

ಚಿಕ್ಕಮ್ಮ ಸರೋಜಮ್ಮ ರೇಷ್ಮೆ ಹುಳು ಸಾಕುತ್ತಾರೆ. ರೇಷ್ಮೆ ಹುಳುವಿನ ಹೊಟ್ಟೆ ವಿಪರೀತ ಸೂಕ್ಷ್ಮ. ಪಕ್ಕದ ತೋಟದ ಔಷಧಿ ಗಾಳಿಯಲ್ಲಿ ತೇಲಿಬಂದು ಹಿಪ್ಪುನೇರಳೆ ಸೊಪ್ಪಿನ ಮೇಲೆ ಕೂತರೂ ಸಾಕು, ಕಥೆ ಮುಗಿಯಿತು. ಹಾಗಾಗಿ ಆ ಕಡೆ ಒಂದು ಪದ್ಧತಿಯಿದೆ. ಔಷಧಿ ಹೊಡೆಯುವವರು ಹಿಂದಿನ ದಿನವೇ ಬದುವಿನ ಮೇಲೆ ನಿಂತು ಕೂಗಬೇಕು. “ಅಕ್ಕೋ, ನಾಳೆ ಔಷಧಿ ಹೊಡೀತೀನಿ, ಈ ಕಡೆ ಸೊಪ್ಪು ಕೊಯ್ಕೊಂಬಿಡು.” ಚಿಕ್ಕಮ್ಮ ಆ ಸಂಜೆಯೇ ಕೊಯ್ದು ಒದ್ದೆ ಗೋಣಿತಾಟಿನಡಿ ಇಟ್ಟುಕೊಳ್ಳುತ್ತಾರೆ. ಆಮೇಲೆ ಕೆಲವು ದಿನ ಬದುವಿನ ಕಡೆಯ ಸಾಲುಗಳನ್ನು ಮುಟ್ಟುವುದಿಲ್ಲ.

ಎರಡು ಮನೆಗಳಿಗೂ ಮಾತು ಬಿಟ್ಟುಹೋಗಿದ್ದ ಕಾಲದಲ್ಲೂ (ನೀರಿನ ಪೈಪಿನ ಜಗಳ, ಇನ್ನೇನು) ಮುನಿರಾಜಣ್ಣ ಈ ಕೂಗನ್ನು ತಪ್ಪಿಸಿರಲಿಲ್ಲ. ಮುಖ ಆ ಕಡೆ ತಿರುಗಿಸಿಕೊಂಡು, ಗಾಳಿಗೆ ಹೇಳಿದಂತೆ ಕೂಗಿ ಹೋಗುತ್ತಿದ್ದ.

ಈ ವರ್ಷ ಆತನ ಬೀನ್ಸನ್ನು ಒಂದು ಕಂಪನಿ ಕೊಳ್ಳತೊಡಗಿತು. ಜೊತೆಗೆ ಮೊಬೈಲಿಗೆ ಒಂದು ಆ್ಯಪ್ ಬಂತು. ಹೊಲದಲ್ಲಿ ಏನೇ ಮಾಡಿದರೂ ಅದರಲ್ಲಿ ದಾಖಲಿಸಬೇಕು, ಇಲ್ಲದಿದ್ದರೆ ಮಾಲು ವಾಪಸ್. ಔಷಧಿ ಹೊಡೆಯುವ ಮೊದಲು ಅದು ಪ್ರಶ್ನೆ ಕೇಳುತ್ತದೆ. ಮಾಸ್ಕ್ ಹಾಕಿದ್ದೀರಾ? ಗಾಳಿ ಕಡಿಮೆ ಇದೆಯಾ? ಪಕ್ಕದ ಹೊಲದವರಿಗೆ ತಿಳಿಸಿದ್ದೀರಾ? ಹೋದ ತಿಂಗಳು ಒಂದು ದಿನ ಮುನಿರಾಜಣ್ಣ ಎಲ್ಲದಕ್ಕೂ ‘ಹೌದು’ ಒತ್ತಿದ. ಸಂಜೆ ಔಷಧಿ ಹೊಡೆದ. ಚಿಕ್ಕಮ್ಮ ಆಗ ಹುಳು ಮನೆಯೊಳಗಿದ್ದರು.

ಹುಳುಗಳು ಕೊನೆಯ ಹಂತದಲ್ಲಿದ್ದವು. ಇನ್ನು ಕೆಲವೇ ದಿನಕ್ಕೆ ಬಲಿತು ಹಣ್ಣಾಗಿ ಗೂಡು ಕಟ್ಟುತ್ತಿದ್ದವು. ಈ ಹಂತದಲ್ಲಿ ಅವು ಎಷ್ಟು ಸೊಪ್ಪು ಹಾಕಿದರೂ ಸಾಲದೆ ಮೇಯುತ್ತವೆ. ಆ ಸದ್ದು ಹೊರಗಿನ ಜಗಲಿಗೂ ಕೇಳಿಸುತ್ತದೆ.

ಮರುದಿನ ಬೆಳಗ್ಗೆ ಸೊಪ್ಪು ಕೊಯ್ಯುವಾಗ ಚಿಕ್ಕಮ್ಮನಿಗೆ ಸಣ್ಣಗೆ ವಾಸನೆ ಬಂದಿತ್ತಂತೆ. “ಆಮೇಲೆ ಅಂದ್ಕೊಂಡೆ, ಹೊಡೆದಿದ್ರೆ ಮುನಿರಾಜ ಹೇಳ್ದೆ ಇರ್ತಿದ್ನಾ ಅಂತ” ಎಂದರು. ಹಾಗೆ ಅಂದುಕೊಂಡು ತಮ್ಮ ಕೈಯಾರೆ ಹುಳು ಸಾಕುವ ಎಲ್ಲ ತಟ್ಟೆಗಳಿಗೂ ಸೊಪ್ಪು ಹರಡಿದರು.

ನಾನು ಹೋಗುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಸದ್ದು ನಿಂತಿತ್ತು. ಹುಳುಗಳು ತಲೆಯೆತ್ತಿ ಅತ್ತಿತ್ತ ಆಡಿಸುತ್ತಿದ್ದವು, ಬಾಯಿಂದ ಹಸಿರು ನೀರು ಕಾರುತ್ತಿದ್ದವು. ಕೆಲವು ಆಗಲೇ ಮುದುಡಿ ಕಪ್ಪಾಗಿದ್ದವು. ಚಿಕ್ಕಮ್ಮ ಒಂದೊಂದೇ ತಟ್ಟೆ ಎಳೆದು ನೋಡಿ ಮತ್ತೆ ತಳ್ಳುತ್ತಿದ್ದರು. ಯಾವುದಾದರೂ ಒಂದು ತಟ್ಟೆ ಉಳಿದಿರಬಹುದು ಎಂಬ ಆಸೆ. ಯಾವುದೂ ಉಳಿದಿರಲಿಲ್ಲ. ನನಗೆ ಅಳು ಬಂತು, ಅವರಿಗೆ ಬರಲಿಲ್ಲ.

ಸುದ್ದಿ ಕೇಳಿ ಮುನಿರಾಜಣ್ಣ ಓಡಿಬಂದ. ಹುಳು ಮನೆಯ ಬಾಗಿಲಲ್ಲೇ ಕೂತ. ಫೋನ್ ತೆಗೆದು ನನಗೆ ತೋರಿಸಿದ.

“ನೋಡಮ್ಮ, ಹೌದು ಅಂತ ಒತ್ತಿದೀನಿ. ಒತ್ತಿದ್ರೆ ಅಕ್ಕನ ಫೋನಿಗೆ ಮೆಸೇಜ್ ಹೋಗುತ್ತೆ ಅಂದ್ಕೊಂಡಿದ್ದೆ. ಕರೆಂಟ್ ಬಿಲ್ ಕಟ್ಟಿದ್ರೆ ಬರಲ್ವಾ, ಹಂಗೆ.”

ಇದು ದಡ್ಡತನವೇ? ನೀವೇ ಹೇಳಿ. ಮನೆ ಬಾಗಿಲಿಗೆ ಗ್ಯಾಸ್ ಬಂದರೆ ಮೆಸೇಜು, ಬ್ಯಾಂಕಿನಲ್ಲಿ ಹೆಸರು ಬದಲಾದರೆ ಮೆಸೇಜು. ‘ತಿಳಿಸಿದ್ದೀರಾ’ ಎಂದು ಅಷ್ಟು ಕಾಳಜಿಯಿಂದ ಕೇಳುವ ಯಂತ್ರ ತಾನೇ ತಿಳಿಸುತ್ತದೆ ಎಂದು ಒಬ್ಬ ಮನುಷ್ಯ ನಂಬಿದರೆ ಅದರಲ್ಲಿ ಅತಿಶಯವೇನಿದೆ?

ಚಿಕ್ಕಮ್ಮ ಕೇಳಿದ್ದು ಒಂದೇ ಮಾತು. “ನಿನ್ನ ಬಾಯಿಗೆ ಏನಾಗಿತ್ತು ಮುನಿರಾಜ?”

ಆತ ನನ್ನ ಕಡೆ ತಿರುಗಿ, “ತಪ್ಪಾಗಿದೆ ಅಂತ ಅದರಲ್ಲಿ ಬರೆಸಿಬಿಡಮ್ಮ, ನೀನು ಓದಿರೋಳು” ಎಂದ. ಕಂಪನಿಯ ಹುಡುಗನಿಗೆ ನಾನೇ ಫೋನ್ ಮಾಡಿದೆ. ವಿನಯಕ್ಕೇನೂ ಕಡಿಮೆ ಇರಲಿಲ್ಲ.

“ಒಂದು ಸಲ ಸಬ್ಮಿಟ್ ಆದ್ರೆ ಎಡಿಟ್ ಆಗಲ್ಲ ಮೇಡಂ. ಅದಕ್ಕೇ ನಮ್ಮ ಡೇಟಾನ ಎಲ್ಲರೂ ನಂಬೋದು.”

“ಇಲ್ಲಿ ಒಬ್ಬರ ಬೆಳೆಯೇ ಹೋಗಿದೆಯಲ್ಲಪ್ಪ.”

“ಅವರು ನಮ್ಮ ರಿಜಿಸ್ಟರ್ಡ್ ಫಾರ್ಮರ್ ಅಲ್ವಲ್ಲ. ಆಮೇಲೆ, ತಿಳಿಸಿದೀವಿ ಅಂತ ರೆಕಾರ್ಡ್ ಇದೆ. ತಿಳಿದ ಮೇಲೂ ಸೊಪ್ಪು ಕೊಯ್ದ್ರೆ ನಾವೇನು ಮಾಡೋಣ ಮೇಡಂ?”

ಈಗ ಅರ್ಥವಾಯಿತೇ? ದಾಖಲೆಯ ಪ್ರಕಾರ ಹುಳುಗಳನ್ನು ಕೊಂದದ್ದು ನಮ್ಮ ಚಿಕ್ಕಮ್ಮ.

ಹೊಲದಿಂದ ನಮ್ಮ ಅಡುಗೆಮನೆಯವರೆಗೆ ಜಾಡು ಹಿಡಿಯುವ ಈ ವ್ಯವಸ್ಥೆಯನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ನಾವು ತಿನ್ನುವುದು ಎಲ್ಲಿಂದ ಬಂತು ಎಂದು ಗೊತ್ತಿರಬೇಕು ತಾನೇ? ಔಷಧಿ ಹೊಡೆದ ಮೇಲೆ ಕಾಯಬೇಕಾದಷ್ಟು ದಿನ ಕಾದೇ ಆ ಬೀನ್ಸ್ ಕೊಯ್ದಿದ್ದಾರೆ. ತಿಂದರೆ ನನಗೇನೂ ಆಗುವುದಿಲ್ಲ. ಈ ವ್ಯವಸ್ಥೆ ನನ್ನ ಆರೋಗ್ಯವನ್ನು ಚೆನ್ನಾಗಿಯೇ ನೋಡಿಕೊಳ್ಳುತ್ತದೆ. ಆದರೆ ಅದರ ಕಣ್ಣು ನೆಟ್ಟಿರುವುದು ದುಡ್ಡು ಕೊಟ್ಟು ತಿನ್ನುವ ನನ್ನ ಮೇಲೆ ಮಾತ್ರ. ಬದುವಿನ ಆಚೆ ಯಾರಿದ್ದಾರೆ ಎಂದು ಅದು ತಿರುಗಿ ನೋಡಿಲ್ಲ. ಕಂಪನಿಯ ಹುಡುಗ ಆಮೇಲೆ ಕಳಿಸಿದ ನಕ್ಷೆಯಲ್ಲಿ ಮುನಿರಾಜಣ್ಣನ ಹೊಲ ಹಸಿರು ಬಣ್ಣದಲ್ಲಿತ್ತು. ಚಿಕ್ಕಮ್ಮನ ತೋಟವಿದ್ದ ಕಡೆ ಬರೀ ಬಿಳಿ.

ಹುಳುಗಳನ್ನು ಗುಂಡಿ ತೋಡಿ ಸುಣ್ಣ ಹಾಕಿ ಮುಚ್ಚಿದರು. ತೋಡಿದ್ದು ಮುನಿರಾಜಣ್ಣನೇ. ಚಿಕ್ಕಮ್ಮ ಮುಂದಿನ ಬೆಳೆಗೆ ಹುಳು ತಂದಿಲ್ಲ. ಆತ ಈಗ ಔಷಧಿ ಹೊಡೆಯುವ ಮುಂಚೆ ಬದುವಿನ ಮೇಲೆ ನಿಂತು ಕೂಗುತ್ತಾನಂತೆ. ಚಿಕ್ಕಮ್ಮ ಓಗೊಡುವುದಿಲ್ಲ.

ಹೋದ ವಾರ ಅಂಗಡಿಯಲ್ಲಿ ಆ ಪುಟವನ್ನು ಕೊನೆಯವರೆಗೂ ಓದಿದೆ. ‘ಈ ಮಾಹಿತಿ ನಿಮಗೆ ಉಪಯೋಗವಾಯಿತೇ?’ ಎಂದು ಕೇಳಿತ್ತು. ‘ಇಲ್ಲ’ ಒತ್ತಿದೆ. ತಕ್ಷಣ ಹಸಿರು ಟಿಕ್ ಮೂಡಿತು: ‘ನಿಮ್ಮ ಅಭಿಪ್ರಾಯವನ್ನು ತಿಳಿಸಲಾಗಿದೆ.’

ಯಾರಿಗೆ?