ಹೆಲ್ಗಮ್ಮ ದಾಟಿದ ಗೋಡೆ

ಮೈ ಕೊರೆಯುವ ಚಳಿಯಲ್ಲೂ ದಿನಾ ಬೆಳಿಗ್ಗೆ ಕಿಟಕಿಯ ಗಾಜು ಒರೆಸುವವರನ್ನು ನಾನು ನೋಡಿದ್ದು ಒಬ್ಬರನ್ನೇ: ಸ್ವೀಡನ್ನಿನ ಕಾರ್ಲ್‌ಸ್ಕ್ರೂನಾದಲ್ಲಿ ನಮ್ಮ ಎದುರು ಬ್ಲಾಕಿನಲ್ಲಿದ್ದ ಹೆಲ್ಗಾ. ಧೂಳಿರಲಿ, ಇಲ್ಲದಿರಲಿ, ಬಿಳಿ ಬಟ್ಟೆ ಹಿಡಿದು ಮೇಲಿನಿಂದ ಕೆಳಗೆ ನಿಧಾನವಾಗಿ ಒರೆಸುತ್ತಿದ್ದರು. ಬೆಂಗಳೂರಿನಿಂದ ಮೂರು ತಿಂಗಳಿಗೆಂದು ಬಂದಿದ್ದ ನಮ್ಮಮ್ಮ ಮೊದಲ ದಿನವೇ ತೀರ್ಪು ಕೊಟ್ಟಳು: "ಅಯ್ಯೋ, ಈಯಮ್ಮನ ಮಡಿ ನಮ್ಮತ್ತೆ ಮಡಿಗಿಂತ ಜಾಸ್ತಿ ಕಣೋ!"

ಹೆಲ್ಗಾ ಹುಟ್ಟಿದ್ದು ಬರ್ಲಿನ್‌ನಲ್ಲಿ, ಸ್ವೀಡನ್ನಿಗೆ ಬಂದದ್ದು ಮದುವೆಯಾಗಿ. ಇಲ್ಲಿಯವರು ಲಿಫ್ಟಿನಲ್ಲಿ ನೆಲ ನೋಡುತ್ತ ನಿಂತರೆ, ಇವರು ಎದುರಿಗಿದ್ದವರ ಕೋಟಿನ ಗುಂಡಿ ಹಾಕಿ, ಕಿವಿ ಮುಚ್ಚುವಂತೆ ಟೋಪಿ ಎಳೆದುಬಿಡುತ್ತಿದ್ದರು. ಅಮ್ಮನಿಗೂ ಅವರಿಗೂ ಹೇಗೋ ಕುದುರಿತು. ಅಮ್ಮ ಕನ್ನಡದಲ್ಲಿ, ಅವರು ಜರ್ಮನ್‌ನಲ್ಲಿ, ಗಂಟೆಗಟ್ಟಲೆ ಮಾತು. ಅಮ್ಮನ ಬಾಯಲ್ಲಿ ಅವರು ಹೆಲ್ಗಮ್ಮ ಆದರು.

ಒಂದು ದಿನ ಅವರ ಮನೆಯಲ್ಲಿ ಫೀಕಾಕ್ಕೆ, ಅಂದರೆ ಇಲ್ಲಿಯವರ ಕಾಫಿ ಹರಟೆಗೆ, ಕೂತಿದ್ದಾಗ, ಗಾಜಿನ ವಿಷಯ ತೆಗೆದು ನಾನು ರೇಗಿಸಿದೆ. ಹೆಲ್ಗಾ ನಗಲಿಲ್ಲ.

ಹತ್ತೊಂಬತ್ತರ ಹುಡುಗಿಯಾಗಿದ್ದಾಗ, ಪೂರ್ವ ಬರ್ಲಿನ್‌ನ ಮನೆಯಿಂದ ಪಶ್ಚಿಮದಲ್ಲಿದ್ದ ಚಿಕ್ಕಮ್ಮನ ಮನೆಗೆ ಹೋಗಿ ರಾತ್ರಿ ಉಳಿದಿದ್ದರಂತೆ. ಬೆಳಗಾಗುವಷ್ಟರಲ್ಲಿ ಊರಿನ ನಡುವೆ ಮುಳ್ಳುತಂತಿ. ಅದೇ ಆಮೇಲೆ ಗೋಡೆಯಾಯಿತು. ಹಿಂದಿರುಗಿದರೆ ಮತ್ತೆ ಹೊರಬರುವಂತಿಲ್ಲ. "ಬರಬೇಡ" ಎಂದು ತಾಯಿಯೇ ಹೇಳಿ ಕಳಿಸಿದರಂತೆ. ಆ ಕಡೆಯಿಂದ ಯಾರಾದರೂ ಕೈ ಬೀಸಿದರೆ ಸಿಪಾಯಿಗಳು ಗುರುತು ಹಾಕಿಕೊಳ್ಳುತ್ತಿದ್ದರು. ಹಾಗಾಗಿ ತಾಯಿ ಬೆಳಿಗ್ಗೆ ಗೋಡೆಯ ಕಡೆಗಿದ್ದ ಕಿಟಕಿ ಒರೆಸುತ್ತಿದ್ದರು. ಒರೆಸಿದರೆ ಚೆನ್ನಾಗಿದ್ದೇನೆ ಎಂದರ್ಥ. ಮಗಳು ಈಚೆ ಮರದ ಅಟ್ಟಣೆ ಹತ್ತಿ ನೋಡುತ್ತಿದ್ದಳು.

"ಎರಡನೇ ಚಳಿಗಾಲದಲ್ಲಿ ಒಂದು ದಿನ ಯಾರೂ ಒರೆಸಲಿಲ್ಲ," ಎಂದರು ಹೆಲ್ಗಾ. "ಮಣ್ಣಿಗೂ ಹೋಗೋಕಾಗಲಿಲ್ಲ. ನನಗೆ ಕಾಣ್ತಿದ್ದದ್ದು ಗಾಜಿನ ಹಿಂದೆ ಆಡೋ ಬಿಳಿ ಬಟ್ಟೆ ಮಾತ್ರ. ಅವಳಿಗೆ ನನ್ನ ಮುಖ ಕಾಣ್ತಿತ್ತೋ ಇಲ್ವೋ, ಅದೊಂದೇ ಕೊರಗು."

ಗೋಡೆ ಬಿದ್ದ ಮೇಲಾದರೂ ಹೋಗಲಿಲ್ಲವೇ ಎಂದು ಕೇಳಿದೆ.

"ಗೋಡೆ ಇರೋವರೆಗೂ ಅದನ್ನ ಬೈಕೊಂಡಿದ್ದೆ. ಈಗ ಹೋಗಿ ಯಾರನ್ನ ಬೈಲಿ?"

ನಾನು ಕನ್ನಡದಲ್ಲಿ ವಿವರಿಸುತ್ತಿದ್ದಂತೆ ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು ನೇರವಾಗಿ ಹೆಲ್ಗಾರಿಗೇ ಹೇಳಿದಳು: "ತವರು ಕಣಮ್ಮ ಅದು. ನಡಿ, ನಾನೂ ಬರ್ತೀನಿ."

ಆ ಬೇಸಿಗೆ ರಜೆಯಲ್ಲಿ ಕಾರನ್ನು ಹಡಗಿಗೆ ಹಾಕಿಕೊಂಡು ಮೂವರೂ ಹೊರಟೆವು. ಮರುವರ್ಷ ಹೆಲ್ಗಾ ತೀರಿಕೊಂಡರು.

ಬರ್ಲಿನ್‌ನಲ್ಲಿ ಹೆಲ್ಗಾರ ತಾಯಿಯ ಮನೆಯಿದ್ದ ಬೀದಿಯಲ್ಲಿ ಈಗ ಗೋಡೆಯಿರಲಿಲ್ಲ. ಅದಿದ್ದ ಜಾಗದ ಗುರುತಿಗೆ ರಸ್ತೆಯಲ್ಲಿ ಸಾಲಾಗಿ ಕಲ್ಲು ಹೂತಿದ್ದರು. ಜನ ಐಸ್‌ಕ್ರೀಂ ತಿನ್ನುತ್ತ ಅದನ್ನು ದಾಟಿ ಓಡಾಡುತ್ತಿದ್ದರು. ಹೆಲ್ಗಾ ಮಾತ್ರ ಅಲ್ಲೇ ನಿಂತುಬಿಟ್ಟರು.

"ನನ್ನ ಕೈಲಾಗಲ್ಲ. ವಾಪಸ್ ಹೋಗೋಣ."

ಅಮ್ಮ ಹೊಸ್ತಿಲ ಮುಂದೆ ಬಿಡುವ ಹಾಗೆ ಚಪ್ಪಲಿ ಬಿಟ್ಟು, ಅವರ ಕೈ ಹಿಡಿದು, "ಬಲಗಾಲಿಟ್ಟು ಬಾ" ಎಂದಳು. ಹೆಲ್ಗಾ ಅಮ್ಮನ ಬರಿಗಾಲು ನೋಡಿದರು. ಬಗ್ಗಿ ತಮ್ಮ ಶೂ, ಕಾಲುಚೀಲಗಳನ್ನೂ ಬಿಚ್ಚಿದರು. ಇಬ್ಬರು ಮುದುಕಿಯರು ಬಿಸಿ ಟಾರಿನ ಮೇಲೆ ಬರಿಗಾಲಲ್ಲಿ ನಡೆದು ಹೋದದ್ದನ್ನು, ಅವರ ಶೂ ಚಪ್ಪಲಿ ಹಿಡಿದುಕೊಂಡು, ದೇವರ ಮುಂದೆ ನಿಂತವನಂತೆ ನೋಡಿದೆ.

ತಾಯಿಯ ಮನೆಯ ಕಿಟಕಿಯ ಕೆಳಗೆ ಹೋಗಿ ಹೆಲ್ಗಾ ತಿರುಗಿದರು. ನಾನು ಈಚೆಯೇ, ಹಿಂದೆ ಅಟ್ಟಣೆಯಿದ್ದಲ್ಲೇ ನಿಂತಿದ್ದೆ. ಬಹಳ ಹೊತ್ತು ನನ್ನನ್ನೇ ದಿಟ್ಟಿಸಿದರು. ಆಮೇಲೆ ಬೀದಿಯ ಜನವೆಲ್ಲ ತಿರುಗಿ ನೋಡುವಂತೆ ಕೂಗಿಕೊಂಡರು:

"ಕಾಣ್ತಿದೆ! ನಿನ್ನ ಮುಖ ಕಾಣ್ತಿದೆ! ಅಳ್ತಿರೋದೂ ಕಾಣ್ತಿದೆ!"