ಏನೂ ಬೆಳೆಯದ ಸೀಸೆ

ಅವರ ಬಲಗೈಯ ಬೆರಳುಗಳು ಸ್ಪಿರಿಟ್ಟಿನಿಂದ ಒರೆಸಿ ಒರೆಸಿ ಬಿಳಿಚಿಕೊಂಡು, ಬಹಳ ಹೊತ್ತು ನೀರಿನಲ್ಲಿ ನೆನೆದಂತೆ ಸದಾ ಸುಕ್ಕಾಗಿರುತ್ತಿದ್ದವು. ಆ ಕೈಯಿಂದ ಸೀಸೆಯ ಬುಡವನ್ನು ಹಿಡಿದು, ಬಾಯಿ ಕೆಳಗಾಗಿ ಮೊಣಕೈವರೆಗೆ ನೀರಿಗಿಳಿಸಿ, ಆಳದಲ್ಲಿ ಮೆಲ್ಲನೆ ಹೊರಳಿಸುತ್ತಿದ್ದರು. ಮೇಲೆ ತೇಲುವ ಕಸ ಒಳಗೆ ಬರಬಾರದು. ತಮ್ಮ ಕೈ ಸೋಕಿದ ನೀರೂ ಬರಬಾರದು. ನಮ್ಮ ಪ್ರಯೋಗಾಲಯದಲ್ಲಿ ಅಷ್ಟು ಶುದ್ಧವಾಗಿ ನೀರು ತುಂಬಬಲ್ಲವರು ಅವರೊಬ್ಬರೇ. ಹುದ್ದೆ ಅಟೆಂಡರ್, ಊರು ಇಲವಾಲ.

ಹಾಲನ್ನು ಮೊಸರಾಗಿಸುವ ಬಳಗದ ಬ್ಯಾಕ್ಟೀರಿಯಾಗಳು ಕೆರೆಯಲ್ಲೇ ಬಾಳುತ್ತವೆಯೇ, ಅಥವಾ ಊರಿನ ಚರಂಡಿಯೊಡನೆ ಬಂದು ಸಾಯುವ ಅತಿಥಿಗಳೇ ಎಂಬುದು ನನ್ನ ಸಂಶೋಧನೆಯ ಪ್ರಶ್ನೆ. ಬೋಗಾದಿಯ ಆಚೆಯ ಕೆರೆಯೊಂದರಲ್ಲಿ ತಿಂಗಳುಗಟ್ಟಲೆ ಹುಡುಕಿದೆವು. ನಡುನೀರಿನಲ್ಲಿ ಹೆಚ್ಚೇನೂ ಸಿಗದೆ ನಾನು ಸೋತು ಕುಳಿತಾಗ ಅವರು ಹೇಳಿದರು: “ಅವು ನೀರಲ್ಲಿ ಸುಮ್ನೆ ತೇಲ್ತಾ ಕೂತಿರಲ್ಲ ಮೇಡಂ. ಎಲ್ಲಿ ಸೊಪ್ಪು ಕೊಳೀತದೋ ಅಲ್ಲಿ ನೋಡಣ. ಅಂಬ್ಲಿ ಹುಳಿ ಬಂದಂಗೆ ವಾಸ್ನೆ ಬತ್ತದೆ ಅಲ್ಲಿ.” ಚರಂಡಿ ಸೇರದ ದಡದಲ್ಲಿ, ಕೊಳೆಯುವ ಅಂತರಗಂಗೆಯ ಎಲೆಗಳ ಮೇಲೆ, ಅವು ಬೇಸಿಗೆ ಮಳೆಗಾಲ ಎರಡರಲ್ಲೂ ಸಿಕ್ಕವು.

ಫಲಿತಾಂಶ ಮಂಡಿಸಿದ ದಿನ ವಿಭಾಗದ ಮುಖ್ಯಸ್ಥರು ಕನ್ನಡಕ ಒರೆಸುತ್ತ, “ಇದು ಕೆರೇದಲ್ಲ ಕಣ್ರೀ, ನಿಮ್ಮ ಅಟೆಂಡರ್ ಬುತ್ತೀಲಿರೋ ಮೊಸರನ್ನದ್ದು” ಎಂದರು. ಸಭೆ ನಕ್ಕಿತು. ಮೊದಲು ನಕ್ಕವರು ಯಾರು, ಎಷ್ಟನೆಯ ಕುರ್ಚಿಯಲ್ಲಿದ್ದರು ಎಂಬುದು ನನಗೆ ಇಂದಿಗೂ ನೆನಪಿದೆ. ಕಾಫಿ ಲೋಟಗಳ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಅವರು, ಒಂದು ತೊಟ್ಟೂ ತುಳುಕದಂತೆ ಎಲ್ಲರಿಗೂ ಕೊಟ್ಟರು.

ಉತ್ತರ ನನ್ನ ಟಿಪ್ಪಣಿ ಪುಸ್ತಕದಲ್ಲಿತ್ತು. ಪ್ರತಿ ಸಲವೂ ಅವರು ಕುದಿಸಿ ಶುದ್ಧಗೊಳಿಸಿದ ನೀರಿನ ಸೀಸೆಯೊಂದನ್ನು ಕೆರೆಗೆ ಒಯ್ದು, ದಡದಲ್ಲಿ ಅದೇ ಕೈಯಿಂದ ತೆರೆದು ಮುಚ್ಚಿ ತರುತ್ತಿದ್ದರು. ಕೈಯಲ್ಲಿ ಮೊಸರಿನ ಸೋಂಕಿದ್ದರೆ ಆ ಸೀಸೆಯೂ ಅದನ್ನು ತೋರಿಸಬೇಕು. ಒಮ್ಮೆಯೂ ಅದರಲ್ಲಿ ಏನೂ ಬೆಳೆದಿರಲಿಲ್ಲ. ಆ ಪುಟವನ್ನು ನಾನು ಎತ್ತಿ ತೋರಿಸಬಹುದಿತ್ತು. ಆದರೆ ನನ್ನ ಬಡ್ತಿಯ ಕಡತ ಮುಖ್ಯಸ್ಥರ ಮೇಜಿನ ಮೇಲಿತ್ತು, ಪುಸ್ತಕ ಮುಚ್ಚಿದೆ. ನಾನು ಮುಚ್ಚಿದ್ದನ್ನು, ಕಾಫಿ ಕೊಡುತ್ತಿದ್ದ ಅವರು ನೋಡಿದರು.

ಮರುದಿನದಿಂದ ಅವರ ಬುತ್ತಿಯಲ್ಲಿ ಮೊಸರಿರಲಿಲ್ಲ. ಕಾರಣ ಕೇಳಿದರೆ, “ನನ್ನಿಂದ ನಿಮ್ಗೆ ಮಾತು ಬರೋದು ಬ್ಯಾಡ ಬುಡಿ ಮೇಡಂ” ಎಂದರಷ್ಟೇ. ಮತ್ತೊಂದು ವರ್ಷ ಅದೇ ದಡದಿಂದ ನೀರನ್ನೂ ಎಲೆಯನ್ನೂ ತಂದರು. ಫಲಿತಾಂಶ ಕಿಂಚಿತ್ತೂ ಬದಲಾಗಲಿಲ್ಲ. ಪ್ರಬಂಧ ಅಚ್ಚಾಯಿತು, ಮುಖ್ಯಸ್ಥರ ಹೆಸರು ಮೊದಲು, ನನ್ನದು ಅನಂತರ. ಮೂರನೆಯ ಹೆಸರಿರಲಿಲ್ಲ.

ನಿವೃತ್ತರಾಗಿ ಊರಲ್ಲಿದ್ದ ಅವರು ಕಳೆದ ತಿಂಗಳು ತೀರಿಕೊಂಡರು. ಮೂರನೆಯ ದಿನ ಹಾಲು-ತುಪ್ಪದ ಶಾಸ್ತ್ರಕ್ಕೆ ಇಲವಾಲಕ್ಕೆ ಹೋದೆ. ಹಸಿ ಮಣ್ಣಿನ ಗುಡ್ಡೆಯೆದುರು, ಅವರಿಗೆ ಇಷ್ಟವಾದುದನ್ನೆಲ್ಲ ಬಾಳೆಲೆಗೆ ಬಡಿಸುತ್ತಿದ್ದ ಅವರ ಹೆಂಡತಿ ಮೊಸರಿನ ಕುಡಿಕೆ ಹಿಡಿದು ನನ್ನತ್ತ ತಿರುಗಿದರು.

“ಮೊದ್ಲು ಮೊಸ್ರು ಅಂದ್ರೆ ಪ್ರಾಣ ಬುಡೋರು. ಆಮ್ಯಾಕೆ ಸಾಯೋಗಂಟ ಮುಟ್ನಿಲ್ಲ. ಯಾಕೆ ಅಂತ ನಂಗೂ ಯೋಳ್ನಿಲ್ಲ. ನಿಮ್ಗೇನಾರ ಗೊತ್ತಾ ಅವ್ವ? ಇಕ್ಕಲಾ, ಬ್ಯಾಡ್ವಾ?”

ನಿವೃತ್ತಿಯ ಬಳಿಕವೂ ಅವರು ಮೊಸರು ಮುಟ್ಟಿರಲಿಲ್ಲವೆಂದು ನನಗೆ ತಿಳಿದದ್ದು ಆಗಲೇ. ಮೊಸರನ್ನದ ಆ ಮಾತನ್ನು ಆಕೆಗೆ ತಿಳಿಸಿ, ಸಭೆಯಲ್ಲಿ ಹೇಳಬೇಕಿದ್ದುದನ್ನು ಆ ಮಣ್ಣಿನೆದುರು ಹೇಳಿದೆ: ಅವರ ಕೈ ಶುದ್ಧವಾಗಿತ್ತು, ಅದು ನನಗೆ ಅಂದೇ ಗೊತ್ತಿತ್ತು, ನಾನು ಬಾಯಿ ಬಿಡಲಿಲ್ಲ.

ಆಕೆ ಕುಡಿಕೆಯನ್ನು ನನ್ನ ಕೈಗೆ ಕೊಟ್ಟು, “ನೀವೇ ಇಕ್ಕಿ” ಎಂದರು.

ಅವರಂತೆಯೇ ಬುಡ ಹಿಡಿದು ಬಗ್ಗಿಸಿದೆ. ಮೊಸರು ಎಲೆಯ ಹೊರಗೆಲ್ಲ ಚೆಲ್ಲಿತು.