ಪಿತ್ತ ಇಳಿದ ದಿನ

ನಿನ್ನೆ ಪುಂಡಿಪಲ್ಯಕ್ಕೆ ಬೆಳ್ಳುಳ್ಳಿ ಒಗ್ಗರಣೆ ಹಾಕಿದ್ದೇ ತಡ, ಸೇಡಂನಿಂದ ಎರಡು ದಿನಕ್ಕೆಂದು ಬಂದಿದ್ದ ಮಗಳು ಗೌರಿ ಮೂಗಿಗೆ ಓಢಣಿ ಒತ್ತಿಕೊಂಡು ಹಿತ್ತಲಿಗೆ ಓಡಿದಳು. ಪುಂಡಿಪಲ್ಯವೆಂದರೆ ಪಾತ್ರೆ ಬಳಿದು ತಿನ್ನುವ ಹುಡುಗಿ. ತಿರುಗಿ ಬಂದವಳು, ಮನೆಯಲ್ಲಿ ನಾವಿಬ್ಬರೇ ಇದ್ದರೂ ದನಿ ತಗ್ಗಿಸಿ ಅಂದಳು: “ಅವ್ವ, ನನಗ ಪಿತ್ತ ಆಗ್ಯಾದ.”

ನನಗೆ ನಗು ಬಂತು, ಅದರ ಬೆನ್ನಿಗೇ ಅಳುವೂ ಬಂತು. ಪಿತ್ತಕ್ಕೆ ಯಾರಾದರೂ ಅಳುತ್ತಾರೆಯೇ ಎಂದು ಕೇಳಬೇಡಿ. ನಮ್ಮ ಮನೆಯಲ್ಲಿ ಆ ಶಬ್ದಕ್ಕೆ ಬೇರೆ ಅರ್ಥವಿದೆ. ಕೂತುಕೊಳ್ಳಿ, ಹೇಳುತ್ತೇನೆ.

ಚಿತ್ತಾಪುರದಿಂದ ಶಹಾಬಾದಿನ ಈ ಮನೆಗೆ ಸೊಸೆಯಾಗಿ ಬಂದ ಮರುವರ್ಷವೇ ನಾನು ಬಸುರಾದೆ. ನನ್ನ ಬಾಯಿಯೋ ತೂತುಬಿದ್ದ ಕೊಡ. ಗೊತ್ತಾದ ದಿನವೇ ತವರಿಗೆ ಹೇಳಿದೆ, ಓಣಿಗೆ ಹೇಳಿದೆ, ಬಾಗಿಲಿಗೆ ಬಂದ ಬಳೆಗಾರ್ತಿಗೂ ಹೇಳಿದೆ. ಎರಡು ತಿಂಗಳು ತುಂಬುವುದರೊಳಗೆ ಅದು ಹೋಯಿತು. ಯಾರೂ ನನಗೆ ಒಂದು ಮಾತೂ ಅನ್ನಲಿಲ್ಲ. ಆದರೆ ಊರಿಗೆಲ್ಲ ಸಾರಿದ್ದಕ್ಕೇ ದೃಷ್ಟಿ ತಾಗಿತೆಂಬುದು ನನ್ನೊಳಗೆ ಗಟ್ಟಿಯಾಗಿ ಕೂತುಬಿಟ್ಟಿತು.

ಮತ್ತೆ ಮುಟ್ಟು ನಿಂತಾಗ ಗಂಡನನ್ನೂ ಅತ್ತೆಯನ್ನೂ ಬಿಟ್ಟರೆ ಇನ್ನಾರ ಮುಂದೂ ತುಟಿ ಬಿಚ್ಚಲಿಲ್ಲ. ನನ್ನ ಹೆದರಿಕೆ ಅತ್ತೆಗೆ ಅರ್ಥವಾಗಿರಬೇಕು. ಯಾರೇ ಕೇಳಿದರೂ ಸೊಸೆಗೆ ಪಿತ್ತ ಎಂದುಬಿಡುತ್ತಿದ್ದರು. ಓಣಿಯ ಹೆಂಗಸರಿಗೆ ಈ ಪಿತ್ತ ಯಾವುದೆಂದು ಗೊತ್ತಾಗದೆ ಇರುತ್ತದೆಯೇ? ಪಕ್ಕದ ಮನೆಯ ರಜಿಯಾ ಖಾಲಾ ಗೋಡೆಯ ಮೇಲಿಂದ ಮಾವಿನ ಉಪ್ಪಿನಕಾಯಿ ದಾಟಿಸಿ, ಪಿತ್ತಕ್ಕೆ ಇದು ಭಾಳ ಛಲೋ ಎಂದು ಮುಸಿಮುಸಿ ನಕ್ಕರು. ನಿಜವೆಂದು ನಂಬಿದವರು ನಮ್ಮ ಮಾವ ಒಬ್ಬರೇ. ಪಾಪ, ಬಿಸಿಲಲ್ಲಿ ಬಸ್ಸು ಹತ್ತಿ ಚಿಂಚೋಳಿಗೆ ಹೋಗಿ, ಅಲ್ಲಿಯ ನಾಟಿ ವೈದ್ಯರ ಹತ್ತಿರ ಪಿತ್ತ ಇಳಿಸುವ ಪುಡಿ ಕಟ್ಟಿಸಿಕೊಂಡು ಬಂದರು. ದಿನಾ ಮುಂಜಾನೆ ಅತ್ತೆ ಅದನ್ನು ಅವರೆದುರಿಗೇ ನೀರಿಗೆ ಕಲಸುತ್ತಿದ್ದರು, ಹಿತ್ತಲಿಗೆ ಒಯ್ದು ಕರಿಬೇವಿನ ಗಿಡದ ಬುಡಕ್ಕೆ ಸುರಿಯುತ್ತಿದ್ದರು.

ನನ್ನ ಮೈಯೋ ನನ್ನದೇ ಆಗಿ ಉಳಿದಿರಲಿಲ್ಲ. ಬಾಯಲ್ಲಿ ಸದಾ ಕಬ್ಬಿಣ ನೆಕ್ಕಿದ ರುಚಿ. ಎದೆ ಬಿಗಿದು ರವಿಕೆಯ ಗುಂಡಿ ಹಾಕಿಕೊಳ್ಳುವುದೇ ಒಂದು ಶಿಕ್ಷೆ. ಹಿತ್ತಲಿಗೆ ಹೋಗಿ ಬಂದು ಕೂರುವಷ್ಟರಲ್ಲಿ ಮತ್ತೆ ಹೋಗಬೇಕು. ರೊಟ್ಟಿ ತಟ್ಟುತ್ತಲೇ ನಿದ್ದೆ ತೂಗುತ್ತಿತ್ತು. ಮದುವೆಯಾದ ಹೊಸತರಲ್ಲಿ ಗಂಡನ ತಲೆಎಣ್ಣೆಯ ವಾಸನೆಗೆ ಮರುಳಾಗಿದ್ದ ನಾನು, ಈಗ ಆ ಮನುಷ್ಯ ಹತ್ತಿರ ಬಂದರೆ ಸೆರಗು ಮೂಗಿಗೆ ಏರಿಸುತ್ತಿದ್ದೆ. ಹಿಡಿಸುತ್ತಿದ್ದುದು ಒಂದೇ ವಾಸನೆ, ನೀರು ಹೊಡೆದ ಶಹಾಬಾದಿ ಫರಸಿ ಕಲ್ಲಿನದು. ಮಧ್ಯಾಹ್ನ ನೆಲಕ್ಕೆ ನೀರು ಚಿಮುಕಿಸಿಕೊಂಡು ಕೆನ್ನೆಯಿಟ್ಟು ಮಲಗುತ್ತಿದ್ದೆ. ಕಾರಣವಿಲ್ಲದೆ ಅಳು, ಅತ್ತಿದ್ದಕ್ಕೆ ಸಿಟ್ಟು, ಸಿಟ್ಟು ಬಂದಿದ್ದಕ್ಕೆ ಮತ್ತೆ ಅಳು. ಒಮ್ಮೆ ರೊಟ್ಟಿ ಉಬ್ಬಲಿಲ್ಲವೆಂದು ಅತ್ತಿದ್ದೇನೆ, ನಗಬೇಡಿ. ಆದರೂ ವಾಂತಿಯಾದಾಗಲೆಲ್ಲ ಒಳಗೊಳಗೇ ಒಂದು ಸಮಾಧಾನ, ಅದು ಇದೆ, ಇನ್ನೂ ಇದೆ ಎಂದು.

ಒಂದು ಮುಂಜಾನೆ ಎದ್ದೆ, ಏನೂ ಇಲ್ಲ. ಒಗ್ಗರಣೆಯ ವಾಸನೆ ಘಮ್ಮೆಂದಿತು. ಹಸಿವಾಯಿತು. ಚಹಾ ಕುಡಿದೆ, ಹೊಟ್ಟೆಯಲ್ಲೇ ನಿಂತಿತು. ಮಾವ ನನ್ನ ಲೋಟ ನೋಡಿ ಹಿಗ್ಗಿ ಹೀರೇಕಾಯಿಯಾದರು. “ನೋಡು, ಪಿತ್ತ ಇಳೀತು! ನಮ್ಮ ಚಿಂಚೋಳಿ ಪುಡಿ ಅಂದ್ರ ಸಾದಾ ಅಲ್ಲ.”

ಅತ್ತೆ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಒಳಮನೆಗೆ ಹೋಗಿ ಫರಸಿಯ ಮೇಲೆ ಕುಸಿದು ಕೂತೆ. ಹಿಂದೆಯೇ ಬಂದ ಅತ್ತೆ ಪಕ್ಕದಲ್ಲಿ ಕೂತರು. ಈ ಸಲ ಯಾರ ಮುಂದೂ ಹೇಳಿಲ್ಲರಿ ಅತ್ತಿ, ಖರೇನೂ ಹೇಳಿಲ್ಲ ಎಂದು ಅಷ್ಟನ್ನೇ ಮತ್ತೆ ಮತ್ತೆ ಅಂದೆ.

ಅತ್ತೆ ನನ್ನ ಕೈ ಹಿಡಿದುಕೊಂಡರು. “ನೀ ಹೇಳಿದ್ದಕ್ಕ ಹೋಗಿಲ್ಲ ತಂಗಿ ಅದು. ನಂದು ಎರಡು ಹೋಗ್ಯಾವ. ನಾ ಯಾರ ಮುಂದೂ ಹೇಳಿದ್ದಿಲ್ಲ. ನಿಮ್ಮ ಮಾವಗೂ ಇವತ್ತಿನ ತನಕ ಗೊತ್ತಿಲ್ಲ. ಹೇಳದೆ ಏನು ಉಳೀತು? ಅಳಲಿಕ್ಕ ಸಂಗಡ ಒಬ್ಬರೂ ಇರಲಿಲ್ಲ, ಅಷ್ಟೇ.”

ಅವತ್ತೇ ಡಾಕ್ಟರಮ್ಮನ ಹತ್ತಿರ ಹೋದೆವು. ಯಂತ್ರದ ಪರದೆಯಲ್ಲಿ ಹುಣಸೆಬೀಜದಷ್ಟು ಏನೋ ಒಂದು ಕಂಡಿತು, ಅದರೊಳಗೆ ಪಟಪಟ ಮಿಡಿಯುವ ಚುಕ್ಕೆ. ವಾಂತಿ ಕೆಲವರಿಗೆ ಬೇಗ ನಿಲ್ಲುತ್ತದೆ, ಕೆಲವರಿಗೆ ನಿಂತು ಮತ್ತೆ ಬರುತ್ತದೆ, ರಕ್ತ ಕಂಡರೆ ಇಲ್ಲವೇ ಹೊಟ್ಟೆ ನೋವು ಬಂದರೆ ಮಾತ್ರ ತಡಮಾಡದೆ ಬಾ ಎಂದರು. ಮನೆಗೆ ಬಂದು ಅತ್ತೆ ಮಾವನಿಗೆ ಎಲ್ಲ ಹೇಳಿದರು, ತಮ್ಮ ಎರಡನ್ನೂ ಹೇಳಿದರು. ಮಾವ ಎದ್ದು ಬಂದು ಅತ್ತೆಯ ಪಕ್ಕದಲ್ಲಿ ಕೂತರು. ಕೊನೆಗೆ ಗಾಬರಿಯಿಂದ, ಹಾಗಾದರೆ ಆ ಪುಡಿ ಸೊಸೆ ಕುಡಿದಿಲ್ಲ ತಾನೇ ಎಂದು ಕೇಳಿದರು. ಕರಿಬೇವು ಕುಡಿದಿದೆ ಎಂದರು ಅತ್ತೆ. ಮರುದಿನವೇ ನನ್ನ ವಾಂತಿ ಮತ್ತೆ ಶುರುವಾಯಿತು, ಮನೆಯಲ್ಲಿ ಹಬ್ಬ.

ಆ ಹುಣಸೆಬೀಜವೇ ಈ ಗೌರಿ. ಪಿತ್ತದ ಕಥೆಯನ್ನು ನಗೆಯ ಕಥೆಯಾಗಿ ಎಷ್ಟೋ ಸಲ ಕೇಳಿದ್ದಾಳೆ. ಅಜ್ಜಿಯ ಎರಡರ ಸುದ್ದಿಯನ್ನೂ ನನ್ನ ಮೊದಲಿನದನ್ನೂ ಮಾತ್ರ ನಾನು ಯಾವತ್ತೂ ಹೇಳಿರಲಿಲ್ಲ. ಮೂರು ತಿಂಗಳಾಗುವ ತನಕ ಯಾರಿಗೂ ಗೊತ್ತಾಗಬಾರದು ಎಂದು ಅವಳು ನಿನ್ನೆ ಆಣೆ ಹಾಕಿಸಿಕೊಂಡ ಮೇಲೆ, ಅದನ್ನೂ ಹೇಳಿದೆ. ಅವಳು ಎದ್ದು ಹೋಗಿ ಮಲಗಿದಳು. ಹೇಳಬಾರದಿತ್ತೇನೋ ಎಂದು ನನಗೆ ನಿದ್ದೆಯೇ ಬರಲಿಲ್ಲ.

ಇವತ್ತು ಮುಂಜಾನೆ ಅದೇ ಗೋಡೆಯ ಆಚೆ ರಜಿಯಾ ಖಾಲಾ, ಈಗ ಕೋಲೂರಿಕೊಂಡು, ಗೌರಿ ಯಾಕೆ ಸೊರಗಿದ್ದಾಳೆಂದು ಕೇಳಿದರು. ಪಿತ್ತ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಹಿಂದಿನಿಂದ ಬಂದ ಗೌರಿ ನನ್ನ ತೋಳು ಹಿಡಿದುಕೊಂಡಳು.

“ಪಿತ್ತ ಅಲ್ಲ ಖಾಲಾ, ಹೊಟ್ಟಿಲೆ ಇದ್ದೀನಿ. ಎರಡು ತಿಂಗಳೂ ಆಗಿಲ್ಲ, ಅಂಜಿಕಿ ಬರಲಿಕತ್ತದ. ನೀವಿಬ್ಬರೂ ನನ್ನ ಸಂಗಡ ಇರ್ರಿ.”